ಟೇಲರ್ ಸುತ್ತಮುತ್ತಲ ರಾಸಾಯನಿಕ ಬಂಧಗಳು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಆಸ್ಟಿನ್‌ನ ಈಶಾನ್ಯಕ್ಕಿರುವ ಟೇಲರ್ ಒಂದು ಕಾಲಕ್ಕೆ ಹತ್ತಿಯ ಪೇಟೆ. 2021ರಲ್ಲಿ ಸ್ಯಾಮ್ಸಂಗ್ ಕಂಪನಿ ಅಲ್ಲಿ 1,700 ಕೋಟಿ ಡಾಲರ್ ವೆಚ್ಚದ ಚಿಪ್ ಕಾರ್ಖಾನೆ ಕಟ್ಟುವುದಾಗಿ ಘೋಷಿಸಿತು. ಅದರ ಮೂಲ ಸಾಮಗ್ರಿ ಸಿಲಿಕಾನ್. ಜರ್ಮೇನಿಯಂ ಎದುರು ಈ ಸಿಲಿಕಾನ್ ಗೆದ್ದದ್ದು ಹೇಗೆಂದು ತಿಳಿಯಲು ಡಲ್ಲಾಸ್‌ಗೆ ಹೋಗಬೇಕು.

ಅದಕ್ಕೂ ಮೊದಲು ಬಂಧದ ಮಾತು. ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಸಹವೇಲೆನ್ಸೀಯ ಬಂಧ ಕಟ್ಟುತ್ತವೆ ಎಂದು ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಹೇಳಿದ್ದು 1916ರಲ್ಲಿ. ಸಿಲಿಕಾನ್, ಜರ್ಮೇನಿಯಂ ಎರಡರಲ್ಲೂ ಪ್ರತಿ ಪರಮಾಣುವಿಗೆ ಇಂಥ ನಾಲ್ಕು ಬಂಧಗಳು. ಆದರೆ ಬಂಧದಿಂದ ಎಲೆಕ್ಟ್ರಾನನ್ನು ಬಿಡಿಸಲು ಸಿಲಿಕಾನ್‌ನಲ್ಲಿ ಸುಮಾರು 1.1 ಎಲೆಕ್ಟ್ರಾನ್‌ವೋಲ್ಟ್ ಬೇಕು, ಜರ್ಮೇನಿಯಂನಲ್ಲಿ 0.67 ಸಾಕು. 1954ರಲ್ಲಿ ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಗಾರ್ಡನ್ ಟೀಲ್ ಒಂದು ಸಮ್ಮೇಳನದಲ್ಲಿ ರೆಕಾರ್ಡ್ ಪ್ಲೇಯರಿನ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಬಿಸಿ ಎಣ್ಣೆಯಲ್ಲಿ ಅದ್ದಿದರು. ಬಿಸಿಗೆ ಬಂಧಗಳಿಂದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಹಾಡು ನಿಂತಿತು. ಸಿಲಿಕಾನಿನದನ್ನು ಅದ್ದಿದಾಗ ಹಾಡು ನಡೆಯುತ್ತಲೇ ಇತ್ತು. ಬಂಧಗಳ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ತಮಾಷೆಯೆಂದರೆ, 1958ರಲ್ಲಿ ಅದೇ ಕಂಪನಿಯ ಜಾಕ್ ಕಿಲ್ಬಿ ತೋರಿಸಿದ ಮೊದಲ ಐಸಿ (ಇಂಟಿಗ್ರೇಟೆಡ್ ಸರ್ಕ್ಯೂಟ್) ಜರ್ಮೇನಿಯಂನದೇ!

ಹ್ಯೂಸ್ಟನ್‌ನ ಪಾಲು ಕಾರ್ಬನ್. 1985ರಲ್ಲಿ ರೈಸ್ ವಿಶ್ವವಿದ್ಯಾಲಯದಲ್ಲಿ ಸ್ಮಾಲಿ, ಕರ್ಲ್, ಕ್ರೋಟೊ 60 ಕಾರ್ಬನ್‌ಗಳ ಚೆಂಡನ್ನು ಕಂಡರು. ಚೆಂಡಿನೊಳಗಿನ ಬಂಧ ಗಟ್ಟಿ, ಚೆಂಡು-ಚೆಂಡುಗಳ ನಡುವಿನ ಸೆಳೆತ ದುರ್ಬಲ. ಹಾಗಾಗಿ ಅದರ ಹರಳು ವಜ್ರದಂತಲ್ಲ, ಮೆದು. ಎರಡು ವರ್ಷದಲ್ಲೇ ಹ್ಯೂಸ್ಟನ್ ವಿಶ್ವವಿದ್ಯಾಲಯದ ಪಾಲ್ ಚು ತಂಡ ದ್ರವ ಸಾರಜನಕದ ಉಷ್ಣತೆಗಿಂತ ಮೇಲೆಯೇ ಅತಿವಾಹಕವಾಗುವ, ಅಂದರೆ ತಡೆಯಿಲ್ಲದೆ ವಿದ್ಯುತ್ ಹರಿಸುವ, ತಾಮ್ರದ ಆಕ್ಸೈಡನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ತಂಡವೂ 1987ರಲ್ಲೇ ಈ ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡಿನ ಬಗ್ಗೆ 'ನೇಚರ್'ನಲ್ಲಿ ಬರೆಯಿತು. ಇಂಥ ಆಕ್ಸೈಡುಗಳ ಬಂಧ ಎಲೆಕ್ಟ್ರಾನನ್ನೇ ಬಿಟ್ಟುಕೊಡುವ ಪೂರಾ ಅಯಾನಿಕವೂ ಅಲ್ಲ, ಪೂರಾ ಸಹವೇಲೆನ್ಸೀಯವೂ ಅಲ್ಲ. ಕಳೆದ ನಾಲ್ಕು ದಶಕಗಳ ಸಾಮಗ್ರಿ ವಿಜ್ಞಾನ ಬೆಳೆದದ್ದು ಬಹುಪಾಲು ಈ ನಡುವಿನ ಜಾಗದಲ್ಲಿ.

ಅದಕ್ಕೆ ಅತ್ಯುತ್ತಮ ಸಾಕ್ಷಿ ಆಸ್ಟಿನ್. 1986ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದ ಜಾನ್ ಗುಡಿನಫ್, ಅರುಮುಗಂ ಮಂಥಿರಾಮ್ ಜೊತೆ ಕಬ್ಬಿಣದ ಲವಣಗಳನ್ನು ಬ್ಯಾಟರಿಯಲ್ಲಿಟ್ಟು ನೋಡಿದರು. ಮಾಲಿಬ್ಡೇಟ್ ಆದರೆ 3.0 ವೋಲ್ಟ್, ಸಲ್ಫೇಟ್ ಆದರೆ 3.6. ಕಬ್ಬಿಣ ಅದೇ, ರಚನೆಯೂ ಅದೇ ಬಗೆಯದು. ಮತ್ತೆ ಈ ವ್ಯತ್ಯಾಸ ಎಲ್ಲಿಂದ? ಒಂದೇ ಆಕ್ಸಿಜನ್ ಒಂದು ಕಡೆ ಕಬ್ಬಿಣಕ್ಕೂ ಇನ್ನೊಂದು ಕಡೆ ಗಂಧಕಕ್ಕೂ ಅಂಟಿಕೊಂಡಿದೆ. ಗಂಧಕ ಅದನ್ನು ಬಿಗಿಯಾಗಿ ಹಿಡಿದಷ್ಟೂ ಕಬ್ಬಿಣದ ಜೊತೆಗಿನ ಹಂಚಿಕೆ ಸಡಿಲಗೊಂಡು ಆ ಬಂಧ ಹೆಚ್ಚು ಅಯಾನಿಕವಾಗುತ್ತದೆ. ಕಬ್ಬಿಣದ ಎಲೆಕ್ಟ್ರಾನಿನ ಶಕ್ತಿಮಟ್ಟ ಕೆಳಗಿಳಿಯುತ್ತದೆ, ವೋಲ್ಟೇಜ್ ಏರುತ್ತದೆ. ಪಕ್ಕದ ಮನೆಯ ಬಂಧ ಈ ಮನೆಯ ಗುಣ ಬದಲಿಸುತ್ತದೆ!

1997ರಲ್ಲಿ ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಗುಡಿನಫ್ ಇದೇ ತತ್ತ್ವದ ಮೇಲೆ ಲಿಥಿಯಂ ಐರನ್ ಫಾಸ್ಫೇಟನ್ನು ಮುಂದಿಟ್ಟರು. ವೋಲ್ಟೇಜ್ ಸುಮಾರು 3.4. ರಂಜಕ ಆಕ್ಸಿಜನ್ನನ್ನು ಸುಲಭಕ್ಕೆ ಬಿಟ್ಟುಕೊಡದ ಕಾರಣ, ಲಿಥಿಯಂ ಬ್ಯಾಟರಿಗಳ ಕೋಬಾಲ್ಟ್ ಆಕ್ಸೈಡಿಗಿಂತ ಬೆಂಕಿಯ ಭಯ ಕಡಿಮೆ. ವಿದ್ಯುತ್ತನ್ನು ಸರಿಯಾಗಿ ಹರಿಸದ ಅದರ ದೋಷವನ್ನು ಕಾರ್ಬನ್ ಲೇಪನ ಮತ್ತು ಸಣ್ಣ ಕಣಗಳಿಂದ ಸರಿಪಡಿಸಲಾಯಿತು. ಗುಡಿನಫ್‌ಗೆ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ನೊಬೆಲ್ ಬಂತು.

ಪಿಯುಸಿಯಲ್ಲಿ ಬಂಧಗಳ ಪಾಠ ಮಾಡುವ ಮೇಷ್ಟ್ರುಗಳಿಗೆ ಒಂದು ಮಾತು: ಉಪ್ಪು, ಮೀಥೇನ್ ಮುಗಿದ ಮೇಲೆ ಈ ಫಾಸ್ಫೇಟಿನ ಚಿತ್ರವನ್ನೂ ಬೋರ್ಡಿನ ಮೇಲೆ ಬರೆಯಿರಿ. ಅದರ ಬ್ಯಾಟರಿ ಈಗ ನಮ್ಮ ಬೀದಿಯ ಎಲೆಕ್ಟ್ರಿಕ್ ಬಸ್ಸುಗಳಲ್ಲೇ ಓಡಾಡುತ್ತಿದೆ.