ಮೆಥಡೋನ್ ಕ್ಲಿನಿಕ್‌ಗಳು ಬಂದ ದಾರಿ

ಅಮೆರಿಕದಲ್ಲಿ 1914ರ ಹ್ಯಾರಿಸನ್ ಕಾಯ್ದೆ ಅಫೀಮು, ಕೊಕೇನ್ ವ್ಯವಹಾರಕ್ಕೆ ಕಡಿವಾಣ ಹಾಕಿತು. ಚಟ ಉಳಿಸುವಷ್ಟು ಮಾರ್ಫಿನ್ ಬರೆದುಕೊಡುವುದು ವೈದ್ಯಕೀಯವಲ್ಲ ಎಂದು 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವೈದ್ಯರೇ ಕಟಕಟೆ ಹತ್ತಬೇಕಾಯಿತು. ಕೆಲವು ನಗರಗಳು ತೆರೆದಿದ್ದ ಮಾರ್ಫಿನ್ ಕ್ಲಿನಿಕ್‌ಗಳೂ ಬೇಗನೆ ಬಾಗಿಲು ಹಾಕಿದವು. ವ್ಯಸನಿಗೆ ಉಳಿದದ್ದು ಸೆರೆಮನೆ, ಇಲ್ಲವೇ 1935ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಆರಂಭವಾದ, ಸೆರೆಮನೆಯಂತೆಯೇ ಇದ್ದ ಸರ್ಕಾರಿ ಆಸ್ಪತ್ರೆ. ಅಲ್ಲಿಂದ ಹೊರಬಂದ ಬಹುಪಾಲು ಜನ ಮತ್ತೆ ಚಟಕ್ಕೆ ಬೀಳುತ್ತಿದ್ದರು.

1964ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡೋಲ್, ಮೇರಿ ನಿಸ್ವಾಂಡರ್, ಮೇರಿ ಜೀನ್ ಕ್ರೀಕ್ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ, ಅಫೀಮು ವರ್ಗದ್ದೇ ಆದ ಔಷಧಿ ಕೊಡುವ ಪ್ರಯೋಗಕ್ಕೆ ಕೈಹಾಕಿದರು. ಹೆರಾಯಿನ್ ಪರಿಣಾಮ ಕೆಲವೇ ಗಂಟೆಗಳದ್ದು. ಒಮ್ಮೆ ಕುಡಿದ ಮೆಥಡೋನ್ ಸುಮಾರು ಇಡೀ ದಿನ ಮೈನೋವು, ನಡುಕ, ಹಂಬಲವನ್ನು ತಡೆಯುತ್ತದೆ. ಹೊರರೋಗಿ ಚಿಕಿತ್ಸೆ ಸಾಧ್ಯವಾದದ್ದೇ ಈ ಗುಣದಿಂದ. 1965ರ ಅವರ ವರದಿಯಲ್ಲಿದ್ದವರು 22 ಮಂದಿ. ಮೊದಲ ಕೆಲವು ವಾರ ಆಸ್ಪತ್ರೆಯಲ್ಲಿ, ಆಮೇಲೆ ಮನೆಯಿಂದಲೇ ಬಂದುಹೋಗುವುದು. ನರ್ಸ್ ಹಣ್ಣಿನ ರಸದಲ್ಲಿ ಬೆರೆಸಿದ ಔಷಧಿ ಕೊಡುತ್ತಿದ್ದರು. ರೋಗಿ ಅದನ್ನು ಅವರೆದುರೇ ಕುಡಿಯಬೇಕು. ಆಮೇಲೆ ಅವನ ದಿನ ಅವನದು: ಶಾಲೆ, ಕೆಲಸ, ಸಂಸಾರ. ವ್ಯಸನಿಯನ್ನು ಅಪರಾಧಿಯಾಗಿ ಅಲ್ಲ, ರೋಗಿಯಾಗಿ ಕಂಡದ್ದೇ ಇಲ್ಲಿನ ದೊಡ್ಡ ಹೆಜ್ಜೆ.

ಒಂದು ಚಟದ ಬದಲು ಇನ್ನೊಂದು ಎಂಬ ಆಕ್ಷೇಪ ಆಗಲೇ ಎದ್ದಿತು. 1972ರ ಫೆಡರಲ್ ನಿಯಮಗಳು ಮೆಥಡೋನನ್ನು ಪರವಾನಗಿ ಪಡೆದ ಕ್ಲಿನಿಕ್‌ಗಳಿಗೆ ಕಟ್ಟಿಹಾಕಿದವು. ದಿನವೂ ಬಂದು ಸಾಲಿನಲ್ಲಿ ನಿಲ್ಲುವ ಈ ಕಟ್ಟುಪಾಡು ದುಡಿಯುವವರಿಗೆ ನಿಜಕ್ಕೂ ಭಾರವಾಯಿತು. 2020ರ ಕೋವಿಡ್ ಕಾಲದಲ್ಲಿ, ಸ್ಥಿರವಾಗಿದ್ದ ರೋಗಿಗಳಿಗೆ 28 ದಿನಗಳ ಔಷಧಿಯನ್ನು ಮನೆಗೊಯ್ಯಲು ಅನುಮತಿ ಸಿಕ್ಕಿತು; 2024ರಲ್ಲಿ ಆ ಸಡಿಲಿಕೆ ಕಾಯಂ ಆಯಿತು.