ಮಿಡ್ಲ್-ಅರ್ತ್ ರೋಲ್‌ಪ್ಲೇಯಿಂಗ್ ಕ್ಯಾಂಪೇನ್: ಯೋಜನೆ

ಜೆ.ಆರ್.ಆರ್. ಟೋಲ್ಕಿನ್ (1892–1973) ತಮ್ಮ ಕಾದಂಬರಿಗಳಲ್ಲಿ ಕಟ್ಟಿದ ಮಿಡ್ಲ್-ಅರ್ತ್ ಎಂಬ ಕಲ್ಪಿತ ಲೋಕದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಕ್ಕೆ ಮಾಡಿಕೊಳ್ಳುವ ಸಿದ್ಧತೆ. ಇಂಥ ಆಟಕ್ಕೆ ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್ ಆಗಿ ಲೋಕವನ್ನು ವರ್ಣಿಸುತ್ತ ಊರವರನ್ನೂ ಶತ್ರುಗಳನ್ನೂ ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರ ವಹಿಸಿ, ಆ ಪಾತ್ರ ಏನು ಮಾಡುತ್ತದೆಂದು ಹೇಳುತ್ತ ಹೋಗುತ್ತಾರೆ. ಗೆಲುವೋ ಸೋಲೋ ಎಂಬ ಅನುಮಾನ ಬಂದ ಕಡೆ ದಾಳ ಉರುಳುತ್ತದೆ. ಒಂದು ಸಲದ ಕೂಟವನ್ನು ಸೆಷನ್ ಎನ್ನುತ್ತಾರೆ. ಹಲವು ಸೆಷನ್‌ಗಳು ಸೇರಿ ಒಂದೇ ಕಥೆಯಾಗಿ ಬೆಳೆದರೆ ಅದು ಕ್ಯಾಂಪೇನ್.

ತಾವೇ ಕಲ್ಪಿಸಿದ ಲೋಕದಲ್ಲಿ ಆಡಿಸುವ ಗೇಮ್ ಮಾಸ್ಟರ್‌ಗೆ ಎಲ್ಲವನ್ನೂ ಹೊಸದಾಗಿ ಕಟ್ಟುವ ಕಷ್ಟ. ಜನ ಮೆಚ್ಚಿ ಓದಿದ ಪುಸ್ತಕದೊಳಗೆ ಆಡಿಸುವವರ ಕಷ್ಟ ಇದಕ್ಕೆ ತದ್ವಿರುದ್ಧ. ಊರು, ನದಿ, ವಂಶಾವಳಿ ಎಲ್ಲವೂ ಸಿದ್ಧವಾಗಿರುತ್ತವೆ. ಕಥೆಯ ಕೊನೆಯೂ ಸಿದ್ಧವಾಗಿರುತ್ತದೆ. ‘ದ ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ದುಷ್ಟ ದೊರೆ ಸೌರಾನ್‌ನ ಮಾಯಾ ಉಂಗುರ ಬೆಂಕಿಗೆ ಬೀಳುತ್ತದೆ, ಅದನ್ನು ಒಯ್ದವನು ಫ್ರೋಡೊ ಎಂಬ ಕುಳ್ಳ ಹಾಬಿಟ್, ಮೇಜಿನ ಸುತ್ತ ಕೂತ ಯಾರೂ ಅಲ್ಲ. ಆದ್ದರಿಂದ ಇಲ್ಲಿ ಯೋಜನೆ ಎಂದರೆ ಮುಖ್ಯವಾಗಿ ಲೇಖಕ ಮೌನವಾಗಿರುವ ಜಾಗವನ್ನು ಹುಡುಕುವ ಕೆಲಸ. ಈ ದೃಷ್ಟಿಯಿಂದ ಟೋಲ್ಕಿನ್ ಉದಾರಿ. ಸಾವಿರಾರು ವರ್ಷಗಳ ಇತಿಹಾಸವನ್ನು ಒಂದೊಂದು ಸಾಲಿನಲ್ಲಿ ಸೂಚಿಸಿ ಬಿಟ್ಟುಬಿಟ್ಟಿದ್ದಾರೆ.

ಹಿನ್ನೆಲೆ

‘ದ ಹಾಬಿಟ್’ 1937ರಲ್ಲಿ, ‘ದ ಲಾರ್ಡ್ ಆಫ್ ದ ರಿಂಗ್ಸ್’ 1954–55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದವು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು. ಅದರ ಆರಂಭದ ಮುದ್ರಣಗಳಲ್ಲಿ ಹಾಬಿಟ್, ಎಂಟ್, ಬಾಲ್ರಾಗ್ ಎಂಬ ಟೋಲ್ಕಿನ್ ಜೀವಿಗಳ ಹೆಸರುಗಳು ಹಾಗೆಯೇ ಇದ್ದವು. ಟೋಲ್ಕಿನ್ ಕೃತಿಗಳ ವ್ಯಾಪಾರಿ ಹಕ್ಕು ಪಡೆದಿದ್ದ ಸಂಸ್ಥೆ ಆಕ್ಷೇಪಿಸಿದ ಮೇಲೆ ಹಾಬಿಟ್ ‘ಹಾಫ್ಲಿಂಗ್’ ಆಯಿತು, ಎಂಟ್ ‘ಟ್ರೀಯಂಟ್’ ಆಯಿತು. ತಮ್ಮ ಆಟಕ್ಕೆ ಟೋಲ್ಕಿನ್ನರ ಋಣ ದೊಡ್ಡದಲ್ಲ ಎಂದು ಗೈಗ್ಯಾಕ್ಸ್ ವಾದಿಸುತ್ತಿದ್ದರು. ಎಲ್ಫ್, ಡ್ವಾರ್ಫ್, ಹಾಫ್ಲಿಂಗ್, ಮನುಷ್ಯ ಒಟ್ಟಾಗಿ ಹೊರಡುವ ತಂಡವನ್ನು ನೋಡಿದವರಿಗೆ ಆ ವಾದ ಒಪ್ಪಿಗೆಯಾಗುವುದು ಕಷ್ಟ.

ಅಧಿಕೃತ ಪರವಾನಗಿ ಪಡೆದ ಮೊದಲ ಆಟ ಐರನ್ ಕ್ರೌನ್ ಎಂಟರ್‌ಪ್ರೈಸಸ್ ಸಂಸ್ಥೆಯ ‘ಮಿಡ್ಲ್-ಅರ್ತ್ ರೋಲ್ ಪ್ಲೇಯಿಂಗ್’ (1984). ಮರ್ಪ್ ಎಂದೇ ಹೆಸರಾದ ಇದು 1999ರಲ್ಲಿ ಪರವಾನಗಿ ಕಳೆದುಕೊಳ್ಳುವವರೆಗೆ ಬಾಳಿತು. 2002ರಲ್ಲಿ, ಪೀಟರ್ ಜಾಕ್ಸನ್ ಚಿತ್ರಗಳ ಅಲೆಯ ಮೇಲೆ, ಡಿಸೈಫರ್ ಸಂಸ್ಥೆಯ ಆಟ ಬಂದು ಹೋಯಿತು. ಫ್ರಾಂಚೆಸ್ಕೊ ನೆಪಿತೆಲ್ಲೊ ಮತ್ತು ಮಾರ್ಕೊ ಮ್ಯಾಗಿ ಎಂಬ ಇಟಲಿಯ ಇಬ್ಬರು ರೂಪಿಸಿದ ‘ದ ಒನ್ ರಿಂಗ್’ 2011ರಲ್ಲಿ ಹೊರಬಂತು. ಅದರ ಎರಡನೇ ಆವೃತ್ತಿಯನ್ನು ಸ್ವೀಡನ್ನಿನ ಫ್ರೀ ಲೀಗ್ ಪ್ರಕಟಿಸುತ್ತಿದೆ. ಮರ್ಪ್ ಪುಸ್ತಕಗಳ ನಕ್ಷೆಗಳನ್ನು ಇಂದಿಗೂ ಹಳೆಯ ಆಟಗಾರರು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಟೋಲ್ಕಿನ್ನರ ಧಾಟಿಯನ್ನು ನಿಯಮಗಳಲ್ಲೇ ಹಿಡಿದ ಆಟ ‘ದ ಒನ್ ರಿಂಗ್’.

ಕಾಲದ ಆಯ್ಕೆ

ಮೊದಲ ತೀರ್ಮಾನ ಇಸವಿಯದು. ‘ಲಾರ್ಡ್ ಆಫ್ ದ ರಿಂಗ್ಸ್’ನ ಕೊನೆಯ ಅನುಬಂಧಗಳಲ್ಲಿ ಒಂದು ಇಡೀ ಲೋಕದ ಕಾಲಾನುಕ್ರಮಣಿಕೆ. ಕಥೆ ಓದುವವರು ಅದನ್ನು ಬಿಟ್ಟು ಮುಂದೆ ಹೋದರೂ ಗೇಮ್ ಮಾಸ್ಟರ್‌ಗಳು ಅಲ್ಲಿಂದಲೇ ಕೆಲಸ ಶುರುಮಾಡುತ್ತಾರೆ. ಕಾದಂಬರಿಯ ಮುಖ್ಯ ಘಟನೆಗಳು ಮೂರನೇ ಯುಗದ 3018–19ರಲ್ಲಿ ನಡೆಯುತ್ತವೆ. ಆ ಎರಡು ವರ್ಷ ಆರಿಸಿಕೊಂಡರೆ ಆಟಗಾರರು ಬೇರೆಯವರ ಯುದ್ಧದ ಪ್ರೇಕ್ಷಕರಾಗುವ ಅಪಾಯವಿದೆ. ಹೊಸಬರು ಬಹಳ ಸಲ ಎಡವುವುದು ಇಲ್ಲೇ.

ಮರ್ಪ್ ತನ್ನ ಹೆಚ್ಚಿನ ಪುಸ್ತಕಗಳಿಗೆ 1640ರ ಆಸುಪಾಸನ್ನು ಆರಿಸಿತು. 1636ರಲ್ಲಿ ಬಂದ ಮಹಾ ಪಿಡುಗು ದಕ್ಷಿಣದ ಮನುಷ್ಯರ ರಾಜ್ಯ ಗೊಂಡೋರ್‌ನ ರಾಜನನ್ನೂ ಅಸಂಖ್ಯ ಪ್ರಜೆಗಳನ್ನೂ ಬಲಿ ತೆಗೆದುಕೊಂಡು, ಕಾರ್ಡೊಲನ್ ಸೀಮೆಯನ್ನು ಬರಿದು ಮಾಡಿತ್ತು. ಉತ್ತರದಲ್ಲಿ ಆರ್ಥೆಡೈನ್ ರಾಜ್ಯ ಇನ್ನೂ ಉಸಿರಾಡುತ್ತಿತ್ತು, ಆಂಗ್ಮಾರ್‌ನ ಮಾಂತ್ರಿಕ ದೊರೆ ಹೊಂಚು ಹಾಕುತ್ತಿದ್ದ. ಅರ್ಧ ಪಾಳುಬಿದ್ದ ಊರು, ಕಾವಲಿಲ್ಲದ ಗಡಿ, ಸಿಂಹಾಸನಕ್ಕೆ ಕಿತ್ತಾಟ: ಸಾಹಸ ಕಥೆಗೆ ಇದಕ್ಕಿಂತ ಹೆಚ್ಚೇನು ಬೇಕು? ಪುಸ್ತಕದ ಯಾವ ಪ್ರಮುಖ ಮನುಷ್ಯ ಪಾತ್ರವೂ ಆಗ ಹುಟ್ಟಿರಲಿಲ್ಲ ಎಂಬುದು ಇನ್ನೊಂದು ಅನುಕೂಲ.

‘ದ ಒನ್ ರಿಂಗ್’ ಬೇರೆ ಸಂದಿಯನ್ನು ಹಿಡಿಯಿತು. 2941ರಲ್ಲಿ ಬಿಲ್ಬೊ ಎಂಬ ಹಾಬಿಟ್‌ಗೆ ಉಂಗುರ ಸಿಗುತ್ತದೆ, ಸ್ಮಾಗ್ ಎಂಬ ಡ್ರ್ಯಾಗನ್ ಸಾಯುತ್ತದೆ. 3001ರಲ್ಲಿ ಬಿಲ್ಬೊ ತನ್ನ ಹುಟ್ಟುಹಬ್ಬದ ಔತಣ ಮುಗಿಸಿ ಊರು ಬಿಡುತ್ತಾನೆ. ನಡುವಿನ 60 ವರ್ಷಗಳ ಬಗ್ಗೆ ಕಾದಂಬರಿ ಹೇಳುವುದು ತೀರ ಕಡಿಮೆ. ಮೊದಲ ಆವೃತ್ತಿ 2946ರಿಂದ ಆರಂಭವಾಗಿ ಮಿರ್ಕ್‌ವುಡ್ ಕಾಡಿನ ಸುತ್ತಮುತ್ತ ನಡೆಯುತ್ತದೆ. ಎರಡನೆಯದು 2965ರಲ್ಲಿ, ಪಶ್ಚಿಮದ ಎರಿಯಾಡಾರ್‌ನಲ್ಲಿ. ಹೊರನೋಟಕ್ಕೆ ಶಾಂತಿಯ ಕಾಲ ಅದು. ಆದರೆ 2951ರಲ್ಲೇ ಸೌರಾನ್ ತನ್ನ ನೆಲೆಯಾದ ಮೋರ್ಡೋರ್‌ನಲ್ಲಿ ಬಹಿರಂಗವಾಗಿ ತಲೆಯೆತ್ತಿ, ಡೋಲ್ ಗುಲ್ಡೂರ್ ಕೋಟೆಯನ್ನು ಮತ್ತೆ ಹಿಡಿಯಲು ನಾಜ್ಗುಲ್ ಎಂಬ ತನ್ನ ಭೂತಸೇವಕರನ್ನು ಕಳಿಸಿರುತ್ತಾನೆ. ಮೊದಲ ಆವೃತ್ತಿಯ ‘ದ ಡಾರ್ಕನಿಂಗ್ ಆಫ್ ಮಿರ್ಕ್‌ವುಡ್’ ಕ್ಯಾಂಪೇನ್ ಇದೇ ಇಳಿಜಾರಿನ ಮೇಲೆ ನಿಂತಿದೆ. 2947ರಿಂದ 2977ರವರೆಗಿನ ಮೂರು ದಶಕಗಳ ಕಥೆಯನ್ನು ಅದು ವರ್ಷವರ್ಷವಾಗಿ ಹರಡುತ್ತದೆ. ಕಾಡು ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತದೆ; ಆಟಗಾರರು ಅದನ್ನು ತಡೆಯಲಾರರು, ಯಾವ ಹಳ್ಳಿ ಉಳಿಯಬೇಕು ಎಂಬುದನ್ನು ಮಾತ್ರ ಪ್ರಭಾವಿಸಬಲ್ಲರು. ಪಾತ್ರಗಳಿಗೆ ವಯಸ್ಸಾಗುತ್ತದೆ, ಮನೆ ಜಮೀನು ಆಗುತ್ತವೆ, ಉತ್ತರಾಧಿಕಾರಿಯನ್ನು ಬೆಳೆಸಬೇಕಾಗುತ್ತದೆ.

ಸ್ಥಳ: ತಾರ್ಬಾದ್‌ನ ಉದಾಹರಣೆ

ಕಾಲ ನಿಂತ ಮೇಲೆ ಸ್ಥಳ. ಇಡೀ ನಕ್ಷೆಯನ್ನು ಹೊತ್ತುಕೊಳ್ಳುವ ಬದಲು ಒಂದು ಮೂಲೆಯನ್ನು ಆಳವಾಗಿ ಅರಿತುಕೊಂಡರೆ ಕ್ಯಾಂಪೇನ್ ಗಟ್ಟಿಯಾಗುತ್ತದೆ. ಗ್ರೇಫ್ಲಡ್ ನದಿಯ ದಡದ ತಾರ್ಬಾದ್ ಪಟ್ಟಣವನ್ನೇ ನೋಡಬಹುದು. ಒಂದು ಕಾಲಕ್ಕೆ ದಕ್ಷಿಣೋತ್ತರ ರಾಜಮಾರ್ಗ ಅಲ್ಲಿನ ಸೇತುವೆಯ ಮೇಲೆ ಹಾದುಹೋಗುತ್ತಿತ್ತು. 2911ರ ಘೋರ ಚಳಿಗಾಲದ ಮರುವರ್ಷ ಬಂದ ಪ್ರವಾಹದಲ್ಲಿ ಊರು ಹಾಳಾಯಿತು, ಜನ ಬಿಟ್ಟುಹೋದರು. ಕಾದಂಬರಿಯಲ್ಲಿ ಈ ಊರಿಗೆ ಸಿಗುವ ಜಾಗ ಅತ್ಯಲ್ಪ: 3018ರಲ್ಲಿ ಗೊಂಡೋರ್‌ನಿಂದ ಎಲ್ಫ್‌ಗಳ ನೆಲೆ ರಿವೆಂಡೆಲ್‌ಗೆ ಹೊರಟ ಬೊರೊಮಿರ್ ಇಲ್ಲಿ ಹೊಳೆ ದಾಟುವಾಗ ಕುದುರೆ ಕಳೆದುಕೊಂಡ ಪ್ರಸ್ತಾಪ.

2965ಕ್ಕೆ ಪ್ರವಾಹ ಕಳೆದು 53 ವರ್ಷ. ಊರು ಬಿಟ್ಟವರಲ್ಲಿ ಕೆಲವರು ಮುದುಕರಾಗಿ ಇನ್ನೂ ಬದುಕಿರಬಹುದು, ಅವರ ಮಕ್ಕಳು ಉತ್ತರದ ಬ್ರೀ ಊರಿನ ಕಡೆ ಕೂಲಿ ಮಾಡುತ್ತಿರಬಹುದು. ಪಾಳು ಊರಿನಲ್ಲಿ ದಾರಿಗಳ್ಳರು ಸುಂಕ ವಸೂಲಿ ಶುರುಮಾಡಿರಬಹುದು, ದಕ್ಷಿಣದಿಂದ ಮಾಂತ್ರಿಕ ಸಾರುಮಾನ್‌ನ ಗೂಢಚಾರರು ಸುಳಿಯುತ್ತಿರಬಹುದು. ಆಟಗಾರರು ಸೇತುವೆ ಮತ್ತೆ ಕಟ್ಟಬೇಕೆಂದು ಹೊರಡುತ್ತಾರೆ ಎನ್ನೋಣ. ಜನ ಕೂಡಿಸಬೇಕು, ಕಲ್ಲು ತರಬೇಕು, ಡ್ವಾರ್ಫ್ ಕುಶಲಿಗರನ್ನು ಒಪ್ಪಿಸಬೇಕು. ಹತ್ತಾರು ಸೆಷನ್‌ಗಳಿಗೆ ಸಾಮಗ್ರಿ ಸಿಕ್ಕಿತು. ತೊಡಕೂ ಅಲ್ಲೇ ಇದೆ. 3018ಕ್ಕೆ ಬೊರೊಮಿರ್ ಬರುವಾಗ ಅಲ್ಲಿ ಸೇತುವೆ ಇರಕೂಡದು. ಒಂದೋ ಅದು ಮತ್ತೆ ಬೀಳಬೇಕು, ಇಲ್ಲವೇ ಪುಸ್ತಕ ಬದಲಾಗಬೇಕು. ಯಾವುದೆಂದು ಗೇಮ್ ಮಾಸ್ಟರ್ ಮೊದಲೇ ಯೋಚಿಸಿಟ್ಟುಕೊಳ್ಳದಿದ್ದರೆ, ಮೇಜಿನ ಮೇಲೆ ಕಟ್ಟಿದ್ದನ್ನು ಪುಸ್ತಕದ ನೆಪ ಹೇಳಿ ಕೆಡವಬೇಕಾಗುತ್ತದೆ. ಆಟಗಾರರು ಅದನ್ನು ಕ್ಷಮಿಸುವುದಿಲ್ಲ.

ಕ್ಯಾನನ್ ಕುರಿತ ಒಪ್ಪಂದ

ಮೂಲ ಕೃತಿಗಳಲ್ಲಿ ಇರುವುದನ್ನು ಅಭಿಮಾನಿಗಳು ಕ್ಯಾನನ್ ಎನ್ನುತ್ತಾರೆ. ಆಟಕ್ಕೆ ಮುಂಚಿನ ಮಾತುಕತೆಯ ಕೂಟದಲ್ಲಿ, ಆಟಗಾರರ ಭಾಷೆಯಲ್ಲಿ ‘ಸೆಷನ್ ಝೀರೋ’ದಲ್ಲಿ, ಅದನ್ನು ಎಷ್ಟರಮಟ್ಟಿಗೆ ಪಾಲಿಸಬೇಕೆಂದು ತೀರ್ಮಾನವಾಗಬೇಕು. ಕೆಲವರು ಪುಸ್ತಕದ ಯಾವ ಸಂಗತಿಯನ್ನೂ ಅಲುಗಿಸುವುದಿಲ್ಲ. ಇನ್ನು ಕೆಲವರು ಆಟ ಶುರುವಾದ ದಿನದವರೆಗೆ ಮಾತ್ರ ಪುಸ್ತಕ ಸತ್ಯ, ಆಮೇಲಿನದು ನಮ್ಮ ಕೈಯಲ್ಲಿ ಎನ್ನುತ್ತಾರೆ. ದೀರ್ಘ ಕ್ಯಾಂಪೇನಿಗೆ ಎರಡನೆಯದೇ ಆರೋಗ್ಯಕರ. ತಾಳಮದ್ದಳೆಯಲ್ಲಿ ಕರ್ಣ ಸಾಯುತ್ತಾನೆಂಬುದು ಸಭೆಗೆಲ್ಲ ಗೊತ್ತಿದ್ದರೂ ಅರ್ಥಧಾರಿ ಇವತ್ತು ಏನು ಮಾತಾಡುತ್ತಾನೆಂದು ಜನ ಕೂತು ಕೇಳುತ್ತಾರೆ. ಆದರೆ ದಾಳ ಹಾಕುವವನಿಗೆ ಮಾತಿನ ಸ್ವಾತಂತ್ರ್ಯವಷ್ಟೇ ಸಾಲದು, ಗೆಲ್ಲುವ ಸೋಲುವ ಸ್ವಾತಂತ್ರ್ಯವೂ ಬೇಕು.

ಓದಿನ ಏರುಪೇರು ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ. ಒಂದೇ ಮೇಜಿನಲ್ಲಿ ‘ಸಿಲ್ಮರಿಲಿಯನ್’ (1977) ಅರೆದು ಕುಡಿದವರೂ ಸಿನಿಮಾ ಮಾತ್ರ ನೋಡಿದವರೂ ಇರುತ್ತಾರೆ. ಮೊದಲನೆಯವರು ಪ್ರತಿ ಹೆಜ್ಜೆಗೂ ತಿದ್ದಲು ಹೊರಟರೆ ಎರಡನೆಯವರು ಬಾಯಿ ಮುಚ್ಚಿ ಕೂರುತ್ತಾರೆ. ಬಲ್ಲವರಿಗೆ ಪಂಡಿತನ ಪಾತ್ರ ಕೊಟ್ಟು, ಅವರ ತಿಳಿವಳಿಕೆ ಆ ಪಾತ್ರದ ಬಾಯಿಂದ ಬರುವಂತೆ ಮಾಡುವುದು ಅನುಭವಿಗಳ ಉಪಾಯ. ಬಲ್ಲವರ ತಿಳಿವಳಿಕೆಯನ್ನೇ ಕಥೆಯ ನೋವಾಗಿಸಬಹುದು. ‘ದ ಒನ್ ರಿಂಗ್’ ಎರಡನೇ ಆವೃತ್ತಿಯಲ್ಲಿ ಆಟಗಾರರ ತಂಡಕ್ಕೆ ಆಶ್ರಯದಾತರಾಗಬಲ್ಲವರಲ್ಲಿ ಬಾಲಿನ್ ಎಂಬ ಡ್ವಾರ್ಫ್ ಒಬ್ಬ. ಅವನು 2989ರಲ್ಲಿ ಡ್ವಾರ್ಫ್‌ಗಳ ಹಳೆಯ ನೆಲೆ ಮೋರಿಯಾಕ್ಕೆ ಹೊರಡುತ್ತಾನೆ, 2994ರಲ್ಲಿ ಅಲ್ಲೇ ಸಾಯುತ್ತಾನೆ. ಪುಸ್ತಕ ಓದಿದ ಆಟಗಾರನಿಗೆ ಇದು ಗೊತ್ತು, ಅವನ ಪಾತ್ರಕ್ಕೆ ಗೊತ್ತಿಲ್ಲ. ಬಾಲಿನ್ ನಗುತ್ತ ಮುಂದಿನ ಯೋಜನೆ ಹೇಳುವಾಗ ಆ ಆಟಗಾರ ಸುಮ್ಮನೆ ಕೇಳಿಸಿಕೊಳ್ಳಬೇಕು.

ಮಾಂತ್ರಿಕ ಗ್ಯಾಂಡಾಲ್ಫ್, ಮುಂದೆ ರಾಜನಾಗುವ ಆರಗಾರ್ನ್‌ರಂಥ ಪ್ರಸಿದ್ಧರನ್ನು ಮಿತವಾಗಿ ತರಬೇಕು. ಕೆಲಸ ಹೇಳಿ ಮರೆಯಾಗುವ ಗ್ಯಾಂಡಾಲ್ಫ್ ಉಪಯುಕ್ತ, ಕೊನೇ ಗಳಿಗೆಯಲ್ಲಿ ಬಂದು ಕಾಪಾಡುವ ಗ್ಯಾಂಡಾಲ್ಫ್ ಆಟ ಕೆಡಿಸುತ್ತಾನೆ. ಆರಗಾರ್ನ್‌ನಿಗೆ 2965ರಲ್ಲಿ 34 ವರ್ಷ. ದಕ್ಷಿಣದಲ್ಲಿ ಬೇರೆ ಹೆಸರಿನಿಂದ ಸೇವೆ ಮಾಡುತ್ತಿರುತ್ತಾನೆ. ಎರಿಯಾಡಾರ್‌ನಲ್ಲಿ ಅವನು ಸಿಗದಿರುವುದೇ ಗೇಮ್ ಮಾಸ್ಟರ್‌ಗೆ ಲಾಭ.

ನಿಯಮಗಳ ಹೊಂದಾಣಿಕೆ

ಯಾವ ಆಟದ ನಿಯಮ ಬಳಸಬೇಕು ಎಂಬುದು ಕಥೆಯ ಧಾಟಿಯನ್ನೇ ತೀರ್ಮಾನಿಸುತ್ತದೆ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಲ್ಲಿ ಮಾಂತ್ರಿಕರು ದಿನಕ್ಕೆ ಹಲವು ಮಂತ್ರ ಹಾಕುತ್ತಾರೆ, ಇತ್ತೀಚಿನ ಆವೃತ್ತಿಗಳಲ್ಲಂತೂ ಒಂದು ರಾತ್ರಿ ಮಲಗೆದ್ದರೆ ಗಾಯಗಳೆಲ್ಲ ಮಾಯ. ಮಂತ್ರಶಕ್ತಿ ಅಪರೂಪವೂ ನಿಗೂಢವೂ ಆದ ಟೋಲ್ಕಿನ್ ಲೋಕಕ್ಕೆ ಇದು ಒಗ್ಗದು. ಅದೇ ಆಟದ ಐದನೇ ಆವೃತ್ತಿಯನ್ನು ಅಳವಡಿಸಿಕೊಂಡು 2016ರಲ್ಲಿ ಬಂದ ‘ಅಡ್ವೆಂಚರ್ಸ್ ಇನ್ ಮಿಡ್ಲ್-ಅರ್ತ್’ ಮಂತ್ರ ಹಾಕುವ ವರ್ಗಗಳನ್ನೇ ಕೈಬಿಟ್ಟು ಪಂಡಿತ, ಅಲೆಮಾರಿ, ನಿಧಿಶೋಧಕ ಮೊದಲಾದವರನ್ನು ತಂದಿತು. ಮರ್ಪ್‌ನಲ್ಲಿ ಮಂತ್ರಗಳ ಪಟ್ಟಿಗಳು ಉದ್ದವಾಗಿದ್ದವು ಎಂಬ ದೂರು ಹಳೆಯದು. ಅದರ ಗಾಯದ ಕೋಷ್ಟಕಗಳು ಮಾತ್ರ ನಿರ್ದಯ, ಒಂದೇ ಏಟಿಗೆ ನಾಯಕ ಸತ್ತುಬೀಳಬಹುದು.

‘ದ ಒನ್ ರಿಂಗ್’ನಲ್ಲಿ ಹನ್ನೆರಡು ಮುಖದ ಒಂದು ದಾಳ, ಜೊತೆಗೆ ಕೌಶಲಕ್ಕೆ ತಕ್ಕಷ್ಟು ಆರು ಮುಖದ ದಾಳಗಳು. ದೊಡ್ಡ ದಾಳದ ಒಂದು ಮುಖದಲ್ಲಿ ಗ್ಯಾಂಡಾಲ್ಫ್‌ನ ಗುರುತು, ಇನ್ನೊಂದರಲ್ಲಿ ಸೌರಾನ್‌ನ ಕಣ್ಣು. ಗ್ಯಾಂಡಾಲ್ಫ್ ಬಿದ್ದರೆ ಗೆಲುವು ಖಚಿತ. ಕಣ್ಣು ಬಿದ್ದರೆ ಆ ದಾಳದ ಬೆಲೆ ಸೊನ್ನೆ. ಪ್ರತಿ ಪಾತ್ರಕ್ಕೂ ಭರವಸೆ ಮತ್ತು ನೆರಳು ಎಂಬ ಎರಡು ಲೆಕ್ಕಗಳಿವೆ. ಭಯ, ದುಃಖ, ಕೆಟ್ಟ ಕೆಲಸ, ದುರಾಸೆ ಇವುಗಳಿಂದ ನೆರಳು ಏರುತ್ತದೆ. ಉಳಿದ ಭರವಸೆಯನ್ನು ಅದು ಮುಟ್ಟಿದ ದಿನ ಪಾತ್ರ ಕುಗ್ಗಿಹೋಗುತ್ತದೆ. ಪತನದ ದಾರಿಯೂ ವೃತ್ತಿಗೆ ತಕ್ಕಂತೆ: ನಿಧಿಶೋಧಕನಿಗೆ ಚಿನ್ನದ ಹುಚ್ಚು, ದಳಪತಿಗೆ ಅಧಿಕಾರದ ಸೆಳೆತ, ಪಂಡಿತನಿಗೆ ಗುಟ್ಟುಗಳ ಸೆಳೆತ. ಪಾತ್ರ ರಚಿಸುವಾಗಲೇ ಅದು ಹೇಗೆ ಕೆಡಬಹುದೆಂದು ತಿಳಿದಿರುವುದರಿಂದ ಗೇಮ್ ಮಾಸ್ಟರ್ ಯಾರಿಗೆ ಯಾವ ಪ್ರಲೋಭನೆ ಒಡ್ಡಬೇಕೆಂದು ಮೊದಲೇ ಬರೆದಿಟ್ಟುಕೊಳ್ಳಬಹುದು.

ಪ್ರಯಾಣ ಮತ್ತು ಬಿಡುವು

ಟೋಲ್ಕಿನ್ ಕಥೆಗಳಲ್ಲಿ ಕಾಳಗಕ್ಕಿಂತ ನಡಿಗೆಯೇ ಜಾಸ್ತಿ. ಫ್ರೋಡೊನ ತಂಡ ಸೆಪ್ಟೆಂಬರ್ 30ರಂದು ಬ್ರೀ ಬಿಟ್ಟು, ರಿವೆಂಡೆಲ್ ಹತ್ತಿರದ ಹೊಳೆ ತಲುಪಿದ್ದು ಅಕ್ಟೋಬರ್ 20ಕ್ಕೆ. ಮೂರು ವಾರದ ಹಾದಿಯನ್ನು ಮೂರು ವಾಕ್ಯದಲ್ಲಿ ಮುಗಿಸಿದರೆ ಮಿಡ್ಲ್-ಅರ್ತ್‌ನ ಸ್ವಾದವೇ ಹೋಗುತ್ತದೆ. ದಿನದಿನವೂ ಆಡಿಸಿದರೆ ಬೇಸರ. ‘ದ ಒನ್ ರಿಂಗ್’ ಪ್ರಯಾಣಿಕರಿಗೆ ದಾರಿ ತೋರುವವ, ಮುಂದೆ ಹೋಗಿ ನೋಡುವವ, ಕಾವಲಿರುವವ, ಬೇಟೆಯಾಡುವವ ಎಂದು ನಾಲ್ಕು ಕೆಲಸ ಹಂಚಿ, ದಾರಿಯ ಕೆಲವೇ ಘಟನೆಗಳನ್ನು ದಾಳದಿಂದ ಆರಿಸುತ್ತದೆ. ಸಾಹಸ ಮುಗಿದ ಮೇಲೆ ಬಿಡುವಿನ ಹಂತ: ಪಾತ್ರಗಳು ಊರಿಗೆ ಮರಳಿ ಗಾಯ ಮಾಗಿಸಿಕೊಳ್ಳುತ್ತವೆ, ಹಾಡು ಕಟ್ಟುತ್ತವೆ, ಸಂಬಂಧ ಬೆಳೆಸುತ್ತವೆ. ಈ ಲಯ ಹಿಡಿದರೆ ವರ್ಷಕ್ಕೊಂದೆರಡು ಸಾಹಸದಂತೆ ದಶಕಗಳು ಸಹಜವಾಗಿ ಉರುಳುತ್ತವೆ.

ಹಕ್ಕುಗಳು

ಟೋಲ್ಕಿನ್ 1969ರಲ್ಲಿ ‘ಹಾಬಿಟ್’ ಮತ್ತು ‘ಲಾರ್ಡ್ ಆಫ್ ದ ರಿಂಗ್ಸ್’ಗಳ ಚಿತ್ರ ಹಾಗೂ ವ್ಯಾಪಾರಿ ಹಕ್ಕುಗಳನ್ನು ಮಾರಿದರು, ಕೈ ಬದಲಾಯಿಸುತ್ತ ಬಂದ ಅವು 2022ರಲ್ಲಿ ಸ್ವೀಡನ್ನಿನ ಎಂಬ್ರೇಸರ್ ಗ್ರೂಪ್ ಪಾಲಾದವು. ‘ಸಿಲ್ಮರಿಲಿಯನ್’ ಆ ಮಾರಾಟದಲ್ಲಿ ಸೇರಿರಲಿಲ್ಲ. ಹೀಗಾಗಿ ಪ್ರಕಟಿತ ಆಟಗಳು ಅದರಲ್ಲಷ್ಟೇ ಇರುವ ಮೊದಲ ಯುಗದ ಕಥೆಗಳನ್ನು ಮುಟ್ಟುವಂತಿಲ್ಲ. ಮನೆಯಲ್ಲಿ ಗೆಳೆಯರೊಂದಿಗೆ ಆಡುವವರಿಗೆ ಈ ಗೋಡೆ ಅಡ್ಡ ಬರುವುದಿಲ್ಲ. ತಮ್ಮ ಕ್ಯಾಂಪೇನನ್ನು ಪುಸ್ತಕ ಮಾಡಿ ಮಾರಲು ಹೊರಟರೆ ಮಾತ್ರ ಎದುರಾಗುತ್ತದೆ.

ಮುಕ್ತಾಯದ ಘಟ್ಟ

ಕ್ಯಾಂಪೇನ್ ಎಲ್ಲಿ ನಿಲ್ಲಬೇಕೆಂದು ಆರಂಭದಲ್ಲೇ ಅಂದಾಜಿಟ್ಟುಕೊಳ್ಳುವುದು ಒಳ್ಳೆಯದು. 3019ರವರೆಗೆ ಎಳೆಯುವ ಆಸೆಯಿದ್ದರೆ, ಮೋರ್ಡೋರ್ ಬಾಗಿಲಿಗೆ ಹೋಗದೆಯೂ ದೊಡ್ಡ ಯುದ್ಧವೊಂದು ಸಿಗುತ್ತದೆ. ಆ ಮಾರ್ಚ್‌ನಲ್ಲಿ ಉತ್ತರದ ಡೇಲ್ ಪಟ್ಟಣದ ಮೇಲೆ ಸೌರಾನ್‌ನ ಸೇನೆ ಬೀಳುತ್ತದೆ. 17ರಂದು ರಾಜ ಬ್ರ್ಯಾಂಡ್ ಮತ್ತು ಡ್ವಾರ್ಫ್‌ಗಳ ರಾಜ ಡಾಯಿನ್ ಇಬ್ಬರೂ ಸಾಯುತ್ತಾರೆ. ಬದುಕುಳಿದವರು ಎರೆಬೋರ್ ಬೆಟ್ಟದೊಳಗೆ ಸೇರಿಕೊಳ್ಳುತ್ತಾರೆ. 27ರಂದು ಸತ್ತ ರಾಜರ ಮಕ್ಕಳು ಹೊರಬಿದ್ದು ಶತ್ರುವನ್ನು ಓಡಿಸುತ್ತಾರೆ. ಟೋಲ್ಕಿನ್ ಇದನ್ನು ಅನುಬಂಧದಲ್ಲಿ ಚುಟುಕಾಗಿ ದಾಖಲಿಸಿದ್ದಾರಷ್ಟೆ. ಮುತ್ತಿಗೆಯ ಆ ಹತ್ತು ದಿನ ಬೆಟ್ಟದೊಳಗೆ ಯಾರು ಏನು ಮಾಡಿದರು ಎಂಬುದನ್ನು ಅವರು ಬರೆದಿಲ್ಲ.