ಹುಣಸೆಬೀಜ, ಮೇಗುಟಿ ಶಾಸನ ಮತ್ತು ಋಣಸಂಖ್ಯೆಯ ಕಲಿಕೆ

ಧನ, ಋಣ ಸಂಖ್ಯೆಗಳನ್ನು ಕೂಡುವುದನ್ನು ಮಕ್ಕಳು ಹೇಗೋ ಕಲಿತುಬಿಡುತ್ತಾರೆ. ತೊಡಕು ಬರುವುದು ಋಣಸಂಖ್ಯೆಯನ್ನು ಕಳೆಯುವಲ್ಲಿ. ‘ಮೈನಸ್ ಮೈನಸ್ ಪ್ಲಸ್’ ಎಂಬ ಬಾಯಿಪಾಠದಿಂದ ಉತ್ತರ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಅದೇ ಬಾಯಿಪಾಠ ನಂಬಿ −2 − 3 ಎಂಬುದಕ್ಕೆ +5 ಎಂದು ಬರೆಯುವವರೂ ಉಂಟು. ಆ ಕಾರಣವನ್ನು ಆಡಿ ತಿಳಿಯಲು ಬೇಕಾದ ಸಾಮಗ್ರಿ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ ಎಂಬುದು ಈ ಲೇಖನದ ವಾದ.

ಎನ್‌ಸಿಇಆರ್‌ಟಿಯ 2024ರ ಆರನೇ ತರಗತಿಯ ‘ಗಣಿತ ಪ್ರಕಾಶ್’ ಪುಸ್ತಕ ಸೊನ್ನೆಯ ಆಚೆಗಿನ ಸಂಖ್ಯೆಗಳನ್ನು ಲಿಫ್ಟ್ ಇರುವ ಕಟ್ಟಡದಿಂದ ಪರಿಚಯಿಸುತ್ತದೆ. ಉಪಾಯವೇನೋ ಸೊಗಸಾಗಿದೆ, ಆದರೆ ಹುನಗುಂದದ ಹಳ್ಳಿಯ ಮಗುವಿಗೆ ಲಿಫ್ಟೇ ಮೊದಲ ಒಗಟು. ಚೌಕಾಬಾರಕ್ಕೆಂದು ಒಂದು ಮಗ್ಗುಲು ತೇಯ್ದು ಬೆಳ್ಳಗಾಗಿಸಿದ ಹುಣಸೆಬೀಜ ಹಾಗಲ್ಲ. ಬಿಳಿ ಮೇಲಾದರೆ +1, ಕಪ್ಪು ಮೇಲಾದರೆ −1. ಒಂದು ಬಿಳಿ, ಒಂದು ಕಪ್ಪು ಸೇರಿದರೆ ಸೊನ್ನೆ. ಕೈಯಲ್ಲಿ ಎರಡೇ ಬಿಳಿ ಇರುವಾಗ ಮೂರು ಕಪ್ಪು ತೆಗೆಯಬೇಕು ಎನ್ನಿ. ಇಲ್ಲದ್ದನ್ನು ತೆಗೆಯುವುದು ಹೇಗೆ? ಮೂರು ಸೊನ್ನೆ-ಜೋಡಿಗಳನ್ನು ತಂದಿಡಬೇಕು, ಬೆಲೆ ಬದಲಾಗದು. ಈಗ ಮೂರು ಕಪ್ಪು ತೆಗೆದರೆ ಐದು ಬಿಳಿ ಉಳಿಯುತ್ತವೆ: 2 − (−3) = 5. ಆರು ಬೀಜ ಎಸೆದರೆ ಒಟ್ಟು ಮೊತ್ತ ಎಂದೂ ಬೆಸ ಬಾರದು. ಯಾಕೆ ಎಂದು ಕೇಳಿ ಸುಮ್ಮನಿರಬೇಕು. ಒಂದು ಬೀಜ ಮಗುಚಿದರೆ ಮೊತ್ತ ಎರಡರಷ್ಟು ಬದಲಾಗುತ್ತದೆಂದು ಮಕ್ಕಳೇ ಕಂಡುಕೊಳ್ಳಲಿ.

ಕಳೆಯುವುದೆಂದರೆ ಅಂತರವೂ ಹೌದು. ಐಹೊಳೆಯ ಮೇಗುಟಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನ (ಕ್ರಿ.ಶ. 634–35) ತನ್ನ ಕಾಲವನ್ನು ಎರಡು ಬಗೆಯಲ್ಲಿ ಹೇಳುತ್ತದೆ: ಭಾರತ ಯುದ್ಧದಿಂದ 3735 ವರ್ಷ, ಶಕವರ್ಷ 556. ಶಕಾರಂಭವನ್ನೇ ಸೊನ್ನೆ ಮಾಡಿ ನೆಲದ ಮೇಲೆ ಗೆರೆ ಎಳೆದರೆ ಯುದ್ಧ ಎಲ್ಲಿ ನಿಲ್ಲುತ್ತದೆ? −3179ರಲ್ಲಿ. ತಾಳೆ ನೋಡಿದರೆ 556 − (−3179) = 3735. ಯುದ್ಧ ನಡೆಯಿತೇ ಎಂಬುದು ಬೇರೆ ಚರ್ಚೆ. ಲೆಕ್ಕಕ್ಕೆ ಅದರ ಹಂಗಿಲ್ಲ. ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದ 628ರಲ್ಲೇ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಸೊನ್ನೆಗಳ ನಿಯಮಗಳನ್ನು ಕೊಟ್ಟಿದ್ದ.

ಸಾಲದ ಲೆಕ್ಕವೂ ಕೆಲಸಕ್ಕೆ ಬರುತ್ತದೆ. ಇಳಕಲ್ಲಿನ ನೇಕಾರರ ಮನೆಯ ಮಕ್ಕಳಿಗೆ ಮುಂಗಡ, ಬಾಕಿ ಹೊಸತಲ್ಲ. 300 ರೂಪಾಯಿ ಬಾಕಿ ಮನ್ನಾ ಆದರೆ 300 ಬಂದಂತೆಯೇ. ಆದರೆ ಮನೆಯ ಸಾಲವನ್ನು ತರಗತಿಯಲ್ಲಿ ಕೆದಕುವುದು ಸಲ್ಲದು, ಕಲ್ಪಿತ ಅಂಗಡಿಯ ಉದ್ರಿ ಸಾಕು. ಗುಣಾಕಾರಕ್ಕೆ ಬಂದಾಗ ಈ ಮಾದರಿ ಕೈಕೊಡುತ್ತದೆ: ಸಾಲವನ್ನು ಸಾಲದಿಂದ ಗುಣಿಸುವುದೆಂದರೇನು? ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ (ಸು. 850) ಎರಡು ಋಣಗಳ ಗುಣಲಬ್ಧ ಧನ ಎನ್ನುತ್ತಾನೆ, ಋಣಕ್ಕೆ ವರ್ಗಮೂಲವಿಲ್ಲವೆಂದೂ ಸೇರಿಸುತ್ತಾನೆ. ತರಗತಿಯಲ್ಲಿ −2ನ್ನು 3, 2, 1, 0 ಹೀಗೆ ಇಳಿಯುತ್ತಾ ಗುಣಿಸಿದರೆ −6, −4, −2, 0 ಬರುತ್ತದೆ. ಮುಂದಿನದನ್ನು ಮಕ್ಕಳು ತಾವೇ ಹೇಳುತ್ತಾರೆ. ಇದು ಊಹೆ, ಸಾಧನೆಯಲ್ಲ. ಸಾಧನೆಗೆ ವಿಭಾಜಕ ನಿಯಮ ಬೇಕು: (−2) × (3 + (−3)) ಸೊನ್ನೆಯಾಗಬೇಕಾದರೆ (−2) × (−3) ಎಂಬುದು +6 ಆಗದೆ ಗತ್ಯಂತರವಿಲ್ಲ.